ಗರಡಿ ಊರಿನ ಹುಡುಗಿ ಬಾಕ್ಸಿಂಗ್‌ಗೆ ಹೋಗ್ತೀನಿ ಅಂತಾಳೆ, ಏನ್ ಹೇಳ್ಲಿ?

ಕುಕ್ಕರಹಳ್ಳಿ ವಾಕರ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮಗಳು ಈ ವರ್ಷ ಫಸ್ಟ್ ಪಿಯುಸಿ. ಎಂಟು ತಿಂಗಳಿಂದ ಬಾಕ್ಸಿಂಗ್ ಕಲೀತಿದಾಳೆ. ಫೋನ್ ಕೈಬಿಡ್ತಾಳಲ್ಲ ಅಂತ ನಾವೇ ಸೇರಿಸಿದ್ದು. ಮೊದಮೊದಲು ಬೆಳಗ್ಗೆ ಎಬ್ಬಿಸೋದೇ ದೊಡ್ಡ ಕೆಲಸ, ಈಗ ಅವಳೇ ಎದ್ದು ಬೆಟ್ಟದ ಮೆಟ್ಟಿಲು ಹತ್ತೋಕೆ ಹೋಗ್ತಾಳೆ. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೀತಲ್ಲ, ಜಾಸ್ಮಿನ್ ಲಂಬೋರಿಯಾ 57 ಕೆ.ಜಿ.ಯಲ್ಲಿ, ಮೀನಾಕ್ಷಿ ಹೂಡಾ 48 ಕೆ.ಜಿ.ಯಲ್ಲಿ ಚಿನ್ನ ಗೆದ್ದಿದ್ದು, ಅವತ್ತಿಂದ ಮನೇಲಿ ಬೇರೆ ಮಾತೇ ಇಲ್ಲ. ಬೀರು ಕನ್ನಡಿ ಮುಂದೆ ಗಾಳಿಗೆ ಗುದ್ದುತಾ ನಿಂತಿದ್ರೆ ಕುಕ್ಕರ್ ಐದು ಸಲ ಕೂಗಿದ್ರೂ ಕಿವಿಗೆ ಬೀಳಲ್ಲ.

ಈಗ ಕೋಚ್ ಜಿಲ್ಲಾ ಆಯ್ಕೆಗೆ ಹೆಸರು ಕೊಡಿ ಅಂದಿದಾರೆ. ನಮ್ಮ ಯಜಮಾನ್ರು ಮೂಗಿನ ಬಗ್ಗೆ ಯೋಚನೆ ಮಾಡ್ತಿದಾರೆ, ಮಗಳ ಮೂಗು. ಅತ್ತೆ ಕಥೆ ಇನ್ನೂ ಚೆನ್ನಾಗಿದೆ. ವಿಜಯದಶಮಿ ಬೆಳಗ್ಗೆ ಅರಮನೆಯ ವಜ್ರಮುಷ್ಟಿ ಕಾಳಗವನ್ನ ಟಿವೀಲಿ ಹಾಕ್ಕೊಂಡು ಕೂತಿದ್ರು. ಜಟ್ಟಿ ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಕೈ ಮುಗಿದ್ರು. ಅದೇ ಅತ್ತೆ ಸಂಜೆ ಮೊಮ್ಮಗಳ ಗ್ಲೌಸ್ ನೋಡಿ "ಶಿವಶಿವಾ, ಹೆಣ್ಣುಮಗೀಗೆ ಇದೆಲ್ಲ ಯಾಕೆ" ಅಂದ್ರು.

ನನಗೆ ಗೊತ್ತಾಗಬೇಕಿರೋದು ಇಷ್ಟೆ. ಇದು ಅಪಾಯಾನಾ? ಮೈಸೂರು ಕಡೆಯಿಂದ ಹೋದೋರಿಗೆ ಮುಂದೆ ದಾರಿ ಇದೆಯಾ, ಇಲ್ಲ ಹರಿಯಾಣದೋರಿಗೆ ಮಾತ್ರ ಬರೆದಿಟ್ಟಿದ್ದಾ? ಗೊತ್ತಿರೋರು ಹೇಳಿ.

ಗರಡಿ ಮೊಮ್ಮಗ:
ಅಕ್ಕಾ, ಮೊದಲು ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮಜ್ಜಿನೂ ಹಿಂಗೇ. ತಾತ ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ಹಿಡಿಯೋರು. ಮನೇಲಿ ಗದೆ, ಕಲ್ಲುಗುಂಡು ಎಲ್ಲ ಇನ್ನೂ ಇವೆ, ಗದೆ ಮೇಲೆ ಅಮ್ಮ ಬಟ್ಟೆ ಒಣಗಾಕ್ತಾರೆ.

ಮೈಸೂರಿಗೆ ಗುದ್ದಾಟ ಹೊಸದಲ್ಲ. ಜಟ್ಟಿಗಳದ್ದೂ ಗುದ್ದೇ, ಬೆರಳಿಗೆ ಮೊನಚು ಕಟ್ಟಿಕೊಂಡ ಗುದ್ದು. ಮೊದಲ ಹನಿ ರಕ್ತ ಕಂಡ್ರೆ ಮುಗೀತು, ಅರ್ಧ ನಿಮಿಷ ಕೂಡ ಆಗಲ್ಲ ಎಷ್ಟೋ ಸಲ. ಆದ್ರೆ ಅದು ಸೇವೆ, ಸ್ಪರ್ಧೆ ಅಲ್ಲ. ಅತ್ತೆಯವರು ಕೈ ಮುಗಿದಿದ್ದು ಅದಕ್ಕೇ. ಬಾಕ್ಸಿಂಗ್‌ಗೂ ಅದಕ್ಕೂ ತಾಳೆ ಹಾಕೋಕಾಗಲ್ಲ.

ನನ್ನ ಕೇಳಿದ್ರೆ ಕುಸ್ತಿಗೆ ಹಾಕಿ. ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತೀನೂ ಇದೆ. ಮಟ್ಟಿ ಇದೆ, ಉಸ್ತಾದ್ ಇದಾರೆ.

ಮದ್ದೂರು ವಡೆ:
ನಮ್ ಮಂಡ್ಯದೋರು ರಿಂಗ್ ಇಲ್ದೇನೇ ಬಾಕ್ಸಿಂಗ್ ಆಡ್ತೀವಿ ಬುಡಿ. ಕಾವೇರಿ ನೀರು ಬುಟ್ರು ಅಂದ್ರೆ ಹೆದ್ದಾರೀಲಿ ಟೂರ್ನಿ.

ಅಂಕಿಅಂಶ ಶಾಸ್ತ್ರಿ:
ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡೋಣ. ಹರಿಯಾಣದವರಿಗೆ ಬರೆದಿಟ್ಟಿದ್ದಾ ಅಂದ್ರಲ್ಲ.

ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದು 2001ರಲ್ಲಿ, ಅಮೆರಿಕದ ಸ್ಕ್ರಾಂಟನ್‌ನಲ್ಲಿ. ಗಂಡಸರದ್ದು 1974ರಲ್ಲೇ ಹವಾನಾದಲ್ಲಿ ಶುರುವಾಗಿತ್ತು, ಅಂದ್ರೆ ಹೆಣ್ಣುಮಕ್ಕಳು 27 ವರ್ಷ ತಡ. ಸ್ಕ್ರಾಂಟನ್‌ನಲ್ಲಿ ಮೇರಿ ಕೋಮ್‌ಗೆ 48 ಕೆ.ಜಿ. ಬೆಳ್ಳಿ. ಆಮೇಲೆ 2002, 2005, 2006, 2008, 2010, ಮತ್ತೆ ಎಂಟು ವರ್ಷ ಬಿಟ್ಟು 2018, ಒಟ್ಟು ಆರು ಚಿನ್ನ. 2019ರಲ್ಲಿ ಒಂದು ಕಂಚು. ಆಕೆ ಮಣಿಪುರ. 2006ರಲ್ಲಿ ದೆಹಲಿಯಲ್ಲಿ ನಡೆದಾಗ ನಮ್ಮವರಿಗೆ ನಾಲ್ಕು ಚಿನ್ನ: ಮೇರಿ, ಸರಿತಾ ದೇವಿ, ಜೆನ್ನಿ, ಮತ್ತೆ ಕೇರಳದ ಕೆ.ಸಿ. ಲೇಖಾ. ಗುಂಡ್ಲುಪೇಟೆ ದಾಟಿ ಘಟ್ಟ ಇಳಿದ್ರೆ ಕೇರಳ ತಾನೆ? 2022 ಇಸ್ತಾಂಬುಲ್‌ನಲ್ಲಿ ಗೆದ್ದ ನಿಖತ್ ಜರೀನ್ ತೆಲಂಗಾಣದ ನಿಜಾಮಾಬಾದ್‌ನವಳು, 2023ರಲ್ಲಿ ದೆಹಲಿಯಲ್ಲಿ ಮತ್ತೆ ಗೆದ್ದಳು. ಆ ಸಲವೂ ನಾಲ್ಕು ಚಿನ್ನ, ಜೊತೆಗೆ ಗೆದ್ದವರು ನೀತು ಘಂಘಾಸ್, ಅಸ್ಸಾಂನ ಲವ್ಲೀನಾ, ಸವೀಟಿ ಬೂರಾ.

ಗಂಡಸರದ್ದು ಹೇಳೋಕೆ ನಾಚಿಕೆ. 1974ರಿಂದ ಇವತ್ತಿನವರೆಗೆ ಒಂದು ವಿಶ್ವ ಚಿನ್ನ ಇಲ್ಲ. 2009ರಲ್ಲಿ ಮಿಲಾನ್‌ನಲ್ಲಿ ವಿಜೇಂದರ್ ತಂದ ಕಂಚು ಮೊದಲ ಪದಕ. 2019ರಲ್ಲಿ ಅಮಿತ್ ಪಂಘಾಲ್ ಫೈನಲ್‌ಗೆ ಹೋಗಿ ಉಜ್ಬೇಕಿಸ್ತಾನದ ಜೊಯಿರೊವ್‌ಗೆ ಸೋತ, ಆ ಬೆಳ್ಳಿಯೇ ಇವತ್ತಿಗೂ ದೊಡ್ಡದು. ಲಿವರ್‌ಪೂಲ್‌ನಲ್ಲಿ ಗಂಡಸರು ಬರಿಗೈ. ಅದೇ ವಿಮಾನದಲ್ಲಿ ಹೋದ ಹೆಣ್ಣುಮಕ್ಕಳು ಎರಡು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ತಂದರು. ಹಾಗಾಗಿ "ಹೆಣ್ಣುಮಗೀಗೆ ಯಾಕೆ" ಅನ್ನೋ ಪ್ರಶ್ನೆಯನ್ನ ಗಂಡುಮಕ್ಕಳ ತಂದೆತಾಯಿ ಕೇಳಬೇಕು.

ಗರಡಿ ಮೊಮ್ಮಗ:
ಶಾಸ್ತ್ರಿಗಳೇ, ಕರ್ನಾಟಕದ್ದು ಬಿಟ್ರಲ್ಲ. 2021ರಲ್ಲಿ ಬಳ್ಳಾರಿಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ನಿಶಾಂತ್ ದೇವ್ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದ. 2023ರಲ್ಲಿ ತಾಷ್ಕೆಂಟ್‌ನಲ್ಲಿ ವಿಶ್ವ ಕಂಚು.

ಅಂಕಿಅಂಶ ಶಾಸ್ತ್ರಿ:
ಬಿಟ್ಟಿಲ್ಲ, ಸುಮ್ಮನಿದ್ದೆ. ಹುಡುಗ ಹರಿಯಾಣದ ಕರ್ನಾಲ್‌ನವನು. ತೋರಣಗಲ್ಲು ಹತ್ತಿರದ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ, ಹಾಗಾಗಿ ನಮ್ಮ ಜೆರ್ಸಿ. ಅದನ್ನ ನಮ್ಮದು ಅಂತ ಎಣಿಸಿಕೊಳ್ಳೋದು ನಿಮ್ಮಿಷ್ಟ.

ಮಾಜಿ ಫೌಜಿ, ಪಾಂಡವಪುರ:
ನಮ್ಮ ನೀರು ಕುಡದವ್ನೆ, ನಮ್ಮ ಬಿಸ್ಲಲ್ಲಿ ಬೆವತವ್ನೆ. ನಮ್ಮೋನೇ ಬುಡಿ. ಪ್ಯಾರಿಸ್ ಒಲಿಂಪಿಕ್ಸಲ್ಲಿ ಆ ಮೆಕ್ಸಿಕೋ ಹುಡ್ಗನ ಮೇಲೆ ಅವ್ನು ಸೋತ ಅಂದಾಗ ನಾನು ಟಿವಿ ಆರಿಸ್ಬುಟ್ಟು ಗದ್ದೆ ಕಡೆ ಹೊಂಟೋದೆ.

ತಾಯಿ, ನಾನು ಹದಿನೇಳು ವರ್ಷ ಫೌಜಲ್ಲಿದ್ದೋನು, ಒಂಬತ್ತು ವರ್ಷ ರಿಂಗಲ್ಲಿದ್ದೋನು. ಮೂಗು ಒಂದ್ಸಲ ಮುರ್ದಿದ್ದದೆ. ಅದು ಬಾಕ್ಸಿಂಗಲ್ಲಲ್ಲ, ಎತ್ತು ತಲೆ ಕೊಡವ್ದಾಗ. ಕೇಳಿ, ಹೇಳ್ತೀನಿ. ಸಂಜೆ ಮೋಟ್ರು ಹಾಕ್ಬುಟ್ಟು ಬರ್ತೀನಿ.

ಡಾಕ್ಟ್ರಮ್ಮ:
ಅಪಾಯದ ಬಗ್ಗೆ ಕೇಳಿದ್ರಿ. ನಾನು ಆಗಾಗ ರಿಂಗ್ ಪಕ್ಕದಲ್ಲಿ ಕೂರೋ ಡಾಕ್ಟರ್. ಸುಳ್ಳು ಹೇಳಿ ಧೈರ್ಯ ತುಂಬಲ್ಲ.

ಮೂಗು ಚಿಕ್ಕ ವಿಷಯ. ತಲೆ ದೊಡ್ಡ ವಿಷಯ. ತಲೆಗೆ ಹಾಕೋ ಹೆಡ್‌ಗಾರ್ಡ್ ಇದೆಯಲ್ಲ, ಅದು ಹುಬ್ಬು ಸೀಳೋದನ್ನ, ಕಿವಿ ಊದೋದನ್ನ ತಡೆಯುತ್ತೆ. ಬುರುಡೆ ಒಳಗೆ ಮೆದುಳು ಅಲ್ಲಾಡೋದನ್ನ ತಡೆಯಲ್ಲ. ತೆಂಗಿನಕಾಯಿಗೆ ಟವೆಲ್ ಸುತ್ತಿ ಅಲ್ಲಾಡಿಸಿದ್ರೆ ಒಳಗಿನ ನೀರು ಅಲ್ಲಾಡದೆ ಇರುತ್ತಾ? 2013ರಲ್ಲಿ ದೊಡ್ಡ ಗಂಡಸರಿಗೆ ಅದನ್ನ ತೆಗೆದೇಬಿಟ್ರು. ಹೆಣ್ಣುಮಕ್ಕಳು, ಚಿಕ್ಕವರು ಹಾಕ್ಕೊಳ್ತಾರೆ. ಹಾಕ್ಕೊಳ್ಳಲಿ, ಆದರೆ ಅದು ಇದೆ ಅಂತ ನೀವು ನಿಶ್ಚಿಂತೆಯಾಗಿ ಇರಬೇಡಿ.

ನೀವು ನೋಡಬೇಕಾದ್ದು ಕೋಚ್ ಏನು ಮಾಡ್ತಾರೆ ಅಂತ. ತಲೆಗೆ ಪೆಟ್ಟು ಬಿದ್ದು ರೆಫರಿ ಪಂದ್ಯ ನಿಲ್ಲಿಸಿದ್ರೆ ಕನಿಷ್ಠ 30 ದಿನ ಆ ಮಗು ರಿಂಗಿಗೆ ಇಳೀಬಾರದು, ಸ್ಪಾರಿಂಗ್, ಅಂದ್ರೆ ಅಭ್ಯಾಸದ ಗುದ್ದಾಟ ಕೂಡ ಇಲ್ಲ. ಇದು ನಿಯಮ. "ಏನಾಗಿಲ್ಲ, ನೀರು ಕುಡಿ, ಮತ್ತೆ ಬಾ" ಅನ್ನೋ ಕೋಚ್ ಆದ್ರೆ ಅವತ್ತೇ ಚೀಲ ಎತ್ಕೊಂಡು ಮನೆಗೆ ಬನ್ನಿ. ತಲೆನೋವು, ವಾಂತಿ, ಬೆಳಕು ಕಂಡ್ರೆ ಆಗಲ್ಲ ಅನ್ನೋದು, ಪಾಠ ಓದಿದ್ದು ನೆನಪಿರದೆ ಇರೋದು, ಇವನ್ನ ತಾಯಿ ಗಮನಿಸಬೇಕು. ಮಕ್ಕಳು ಮುಚ್ಚಿಡ್ತಾರೆ.

ಇನ್ನೊಂದು, ತೂಕ ಇಳಿಸೋದು. ಪಂದ್ಯ ಇರೋ ಪ್ರತಿದಿನ ಬೆಳಗ್ಗೆ ತಕ್ಕಡಿ ಹತ್ತಬೇಕು. 2018ರಲ್ಲಿ ಮೇರಿ ಕೋಮ್ ಪೋಲೆಂಡ್‌ನಲ್ಲಿ ಬೆಳಗಿನ ಜಾವ ಇಳಿದಾಗ ಸುಮಾರು 2 ಕೆ.ಜಿ. ಹೆಚ್ಚಿತ್ತಂತೆ, ನಾಲ್ಕು ಗಂಟೆಯೊಳಗೆ ಹಗ್ಗ ಹಾರಿ ಇಳಿಸಿ, ಆಮೇಲೆ ಚಿನ್ನಾನೂ ಗೆದ್ದರು. ಈ ಕಥೆಯನ್ನ ಪ್ರತಿ ಕೋಚೂ ಮಕ್ಕಳಿಗೆ ಹೇಳ್ತಾರೆ. ಹದಿನಾರು ವರ್ಷದ, ಬೆಳೆಯೋ ಹುಡುಗಿಗೆ ಇದು ಆದರ್ಶ ಅಲ್ಲ. ನೀರು ಬಿಟ್ಟ ಮೈಗೆ ಬಿದ್ದ ಪೆಟ್ಟು ಹೆಚ್ಚು ಅಪಾಯ. ಅವಳ ಸಹಜ ತೂಕ ಎಷ್ಟಿದೆಯೋ ಆ ವಿಭಾಗದಲ್ಲೇ ಆಡ್ಲಿ.

ಮದ್ದೂರು ವಡೆ:
ಡಾಕ್ಟ್ರಮ್ಮ, ಎರಡು ಮುದ್ದೆ ಉಣ್ಣೋ ನಮ್ಮ ಹುಡುಗರ್ಗೆ ಯಾವ ವಿಭಾಗ? 90 ಪ್ಲಸ್ಸಾ? ಮುದ್ದೆ ತೂಕ ಬೇರೆ ಹಾಕ್ತಾರಾ?

ನಿರ್ವಾಹಕರು:
ಮುದ್ದೆಗೆ ಬೇರೆ ಎಳೆ ಇದೆ, 214 ಉತ್ತರ ಆಗಿದೆ ಅಲ್ಲಿ. ಇಲ್ಲಿ ಬೇಡ.

ಕುಕ್ಕರಹಳ್ಳಿ ವಾಕರ್:
ಡಾಕ್ಟ್ರೇ, ತುಂಬಾ ಧನ್ಯವಾದ. ತೆಂಗಿನಕಾಯಿ ಮಾತು ಯಜಮಾನ್ರಿಗೆ ಓದಿ ಹೇಳಿದ್ದು ತಪ್ಪಾಯ್ತು, ರಾತ್ರಿ ಚಟ್ನಿ ಬೇಡ ಅಂದ್ರು.

ಇನ್ನೊಂದು ಕೇಳ್ತೀನಿ. ಕೋಚ್ ಕೊಟ್ಟ ಫಾರಂನಲ್ಲಿ, ಹುಡುಗಿ ಗರ್ಭಿಣಿ ಅಲ್ಲ ಅಂತ ತಂದೆ ಅಥವಾ ತಾಯಿ ಸಹಿ ಹಾಕಬೇಕು ಅಂತ ಇದೆ. ಓದಿ ಕೈ ನಡುಗ್ತು. ಇದು ನಿಜವಾಗ್ಲೂ ಕೇಳ್ತಾರಾ, ಇಲ್ಲ ಇವರದ್ದೇ ಹೊಸ ವಿದ್ಯೆಯಾ?

ನೀಲಿ ಮೂಲೆ:
ಕೇಳ್ತಾರೆ ಆಂಟಿ. ಅಂತಾರಾಷ್ಟ್ರೀಯ ನಿಯಮದಲ್ಲೇ ಇದೆ, ಹದಿನೆಂಟು ತುಂಬದೋರಿಗೆ ಪೋಷಕರ ಸಹಿ. ನಮ್ಮಮ್ಮನೂ ಅಡುಗೆಮನೆ ಕಟ್ಟೆ ಮೇಲೆ ಇಟ್ಕೊಂಡು ಹತ್ತು ನಿಮಿಷ ಸುಮ್ನೆ ನೋಡಿದ್ರು, ಆಮೇಲೆ ಹಾಕಿದ್ರು. ಗುದ್ದು ಹೊಟ್ಟೆಗೂ ಬೀಳುತ್ತಲ್ಲ, ಅದಕ್ಕೆ. ಬೇರೆ ಅರ್ಥ ಇಲ್ಲ.

ದೊಡ್ಡ ಮಟ್ಟಕ್ಕೆ ಹೋದ್ರೆ ಇನ್ನೂ ಇದೆ. ಲಿವರ್‌ಪೂಲ್‌ಗೆ ಹೋಗೋ ಹೆಣ್ಣುಮಕ್ಕಳೆಲ್ಲ ತಾವು ಹೆಣ್ಣು ಅಂತ ತೋರಿಸೋಕೆ ವಂಶವಾಹಿ ಪರೀಕ್ಷೆ ಮಾಡಿಸಲೇಬೇಕು ಅಂತ ಆ ಟೂರ್ನಿ ನಡೆಸೋ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್ 2025ರಲ್ಲಿ ನಿಯಮ ತಂತು. ಫ್ರಾನ್ಸ್ ಹುಡುಗೀರ ರಿಪೋರ್ಟ್ ಗಡುವಿನೊಳಗೆ ಬರಲಿಲ್ಲ ಅಂತ ಅವರನ್ನ ಆಡಿಸಲೇ ಇಲ್ಲ. ಅಲ್ಲಿವರೆಗೂ ಹೋಗಿ, ತೂಕ ಇಳಿಸಿ, ಪೇಪರ್ ಬರಲಿಲ್ಲ ಅಂತ ವಾಪಸ್. ಸರಿ ತಪ್ಪು ದೊಡ್ಡೋರು ಹೇಳಲಿ. ಆ ಹುಡುಗೀರು ಹೋಟೆಲ್ ರೂಮಲ್ಲಿ ಕೂತು ಏನ್ ಮಾಡಿರಬಹುದು ಅಂತಷ್ಟೇ ನಾನು ಯೋಚನೆ ಮಾಡಿದ್ದು.

ಮಾಜಿ ಫೌಜಿ, ಪಾಂಡವಪುರ:
ಮೋಟ್ರು ಹಾಕ್ದೆ, ಕರೆಂಟ್ ಹೋಯ್ತು. ಬಂದಿವ್ನಿ.

ತಾಯಿ, ಪಾಯಿಂಟು ಹೆಂಗೆ ಹಾಕ್ತಾರೆ ಅನ್ನೋದ ನೀವು ಮೊದ್ಲು ತಿಳ್ಕಬೇಕು. ಇಲ್ದಿದ್ರೆ ಮಗಳು ಸೋತಾಗ ಅನ್ಯಾಯ ಆಯ್ತು ಅಂತ ಅಳ್ತಾಳೆ, ನೀವೂ ಅಳ್ತೀರ. ನಮ್ಮ ಕಾಲ್ದಲ್ಲಿ ಕಂಪ್ಯೂಟರ್ ಬಟನ್ನು. 1988ರಲ್ಲಿ ಸೋಲ್ ಒಲಿಂಪಿಕ್ಸಲ್ಲಿ ರಾಯ್ ಜೋನ್ಸ್ ಅನ್ನೋ ಅಮೆರಿಕಾ ಹುಡುಗ ಕೊರಿಯಾದೋನ್ನ ಹಣ್ಣುಗಾಯಿ ನೀರುಗಾಯಿ ಮಾಡಿದ್ರೂ ಜಡ್ಜ್‌ಗಳು ಕೊರಿಯಾದೋನ ಕೈ ಎತ್ತಿದ್ರು. ಅದ್ರಿಂದ ಬಂದದ್ದು ಬಟನ್ನು. ಐದು ಜನ ಜಡ್ಜು, ಒಂದು ಗುದ್ದು ಬಿದ್ದ ಮೇಲೆ ಒಂದು ಸೆಕೆಂಡೊಳಗೆ ಮೂರು ಜನ ಒತ್ಬೇಕು, ಆಗ್ಲೇ ಒಂದು ಪಾಯಿಂಟು. ನಾನು ಹೊಟ್ಟೆಗೆ ಹೊಡೆಯೋ ಆಟಗಾರ. ಮುಖಕ್ಕೆ ಟಪ್ ಅಂತ ಒಂದು ತಾಗ್ಸಿದ್ರೆ ಎಲ್ಲಾರ್ಗೂ ಕಾಣ್ತದೆ, ಪಕ್ಕೆಗೆ ಕೊಟ್ಟದ್ದು ಆ ಕಡೆ ಕೂತೋನಿಗೆ ಎಲ್ಲಿ ಕಾಣ್ತದೆ? ಒಂದ್ಸಲ ಒಂದು ದೊಡ್ಡ ಟೂರ್ನೀಲಿ ಎದುರಾಳಿ ಆಟ ಮುಗ್ದ ಮೇಲೆ ನೆಟ್ಟಗೆ ನಿಲ್ಲಕ್ಕೆ ಆಗ್ದೆ ಹಗ್ಗ ಹಿಡ್ಕಂಡಿದ್ದ, ಬೋರ್ಡ್ ಮ್ಯಾಲೆ ಅವ್ನು ಗೆದ್ದಿದ್ದ. ಅವ್ನೇ ಬಂದು "ಉಸ್ತಾದ್, ಮಾಫ್ ಕರೋ" ಅಂದ. ಇವತ್ಗೂ ಹೊಸ ವರ್ಷಕ್ಕೆ ಫೋನ್ ಮಾಡ್ತಾನೆ.

2013ರಿಂದ ಬಟನ್ನು ಹೋಯ್ತು. ಈಗ ಪ್ರತಿ ರೌಂಡಿಗೂ ಗೆದ್ದೋರಿಗೆ 10, ಸೋತೋರಿಗೆ 9, ತೀರಾ ಏಕಪಕ್ಷೀಯ ಆದ್ರೆ 8 ಇಲ್ಲಾ 7. ಐದೂ ಜನ ಬೇರೆಬೇರೆ ಬರೀತಾರೆ. ಇದು ವಾಸಿ. ಆದ್ರೆ ಇದ್ರಲ್ಲೂ ಒಂದು ಸೂಕ್ಷ್ಮ ಅದೆ.

ಅಂಕಿಅಂಶ ಶಾಸ್ತ್ರಿ:
ಆ ಸೂಕ್ಷ್ಮಕ್ಕೆ ಟೋಕಿಯೊ ಒಲಿಂಪಿಕ್ಸ್ ಉದಾಹರಣೆ ಕೊಡ್ತೀನಿ, ಫೌಜಿಯವರೇ, ಅಡ್ಡ ಬಂದಿದ್ದಕ್ಕೆ ಕ್ಷಮೆ ಇರಲಿ. 2021ರ ಜುಲೈ, ಮೇರಿ ಕೋಮ್ ಎದುರು ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ. ಮೊದಲ ರೌಂಡು ಐದರಲ್ಲಿ ನಾಲ್ಕು ಜಡ್ಜ್ ವಲೆನ್ಸಿಯಾಗೆ. ಎರಡನೇದು 3-2 ಮೇರಿಗೆ. ಮೂರನೇದು 3-2 ಮೇರಿಗೆ. ಮೂರರಲ್ಲಿ ಎರಡು ರೌಂಡ್ ಗೆದ್ದ ಮೇರಿ ಪಂದ್ಯ ಸೋತರು, 3-2. ಮೇರಿ ತಾನೇ ಗೆದ್ದೆ ಅಂದುಕೊಂಡಿದ್ದರು. ಇದರಲ್ಲಿ ಮೋಸ ಏನಿಲ್ಲ. ರೌಂಡ್‌ಗಳನ್ನ ಎಣಿಸಲ್ಲ, ಪ್ರತಿ ಜಡ್ಜ್‌ನ ಮೂರೂ ರೌಂಡಿನ ಮೊತ್ತ ನೋಡ್ತಾರೆ. ಮೊದಲ ರೌಂಡಲ್ಲಿ ನಾಲ್ಕು ಜನರ ಹತ್ತಿರ ಹಿಂದೆ ಬಿದ್ದರೆ, ಆಮೇಲೆ ಅವರಲ್ಲಿ ಇಬ್ಬರ ಹತ್ತಿರವಾದರೂ ಎರಡೂ ರೌಂಡ್ ಗೆಲ್ಲಬೇಕು.

ಮಾಜಿ ಫೌಜಿ, ಪಾಂಡವಪುರ:
ಅದೇ ಹೇಳಕ್ಕೆ ಹೊಂಟಿದ್ದೆ. ಮೊದ್ಲ ರೌಂಡ್ ನೋಡ್ಕಂಡು ಆಡ್ತೀನಿ ಅನ್ನೋ ಕಾಲ ಹೋಯ್ತು ತಾಯಿ. ಗಂಟೆ ಹೊಡೆದ ತಕ್ಷಣ ಜ್ಯಾಬ್ ಇರಬೇಕು, ಮುಂದಿನ ಕೈಯ ನೇರ ಗುದ್ದು. ಅವಳಿಗೆ ಹೇಳಿ.

ಗರಡಿ ಮೊಮ್ಮಗ:
ಕುಸ್ತೀಲಿ ಈ ಗೊಂದಲವೇ ಇಲ್ಲ. ಬೆನ್ನು ಮಣ್ಣಿಗೆ ತಾಗ್ತಾ, ಚಿತ್. ಮೈದಾನದಲ್ಲಿ ಕಡಲೆಕಾಯಿ ಮಾರೋನಿಗೂ ಗೊತ್ತಾಗುತ್ತೆ.

ಅಂಕಿಅಂಶ ಶಾಸ್ತ್ರಿ:
ಆ ಕುಸ್ತೀಲೇ ಪ್ಯಾರಿಸ್‌ನಲ್ಲಿ 100 ಗ್ರಾಂ ಹೆಚ್ಚಾಯಿತು ಅಂತ ವಿನೇಶ್ ಫೋಗಟ್ ಫೈನಲ್ ದಿನ ಮನೆಗೆ ಬಂದಿದ್ದು. ಮಣ್ಣಿನ ಕುಸ್ತಿ ಬೇರೆ, ಒಲಿಂಪಿಕ್ ಮ್ಯಾಟ್ ಬೇರೆ.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ. ಈ ಆಟಕ್ಕೆ ಹವ್ಯಾಸಿ ಬಾಕ್ಸಿಂಗ್ ಅಂತ ಪತ್ರಿಕೆಯವರು ಈಗಲೂ ಬರೀತಾರೆ. ನಮ್ಮೂರಲ್ಲಿ ಹವ್ಯಾಸಿ ಅಂದ್ರೆ ನಾಟಕ ತಂಡ, ಟೀ ಖರ್ಚೂ ಕೈಯಿಂದ. ಇಲ್ಲಿ ಹಾಗಿಲ್ಲ. 2023ರ ದೆಹಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನಕ್ಕೆ 1 ಲಕ್ಷ ಡಾಲರ್ ಬಹುಮಾನ. ಒಂದು ಕಾಲದಲ್ಲಿ ದುಡ್ಡು ಮುಟ್ಟಿದರೆ ಮೈಲಿಗೆ. 1997ರಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಜ್ಬೇಕಿಸ್ತಾನದ ರುಸ್ಲಾನ್ ಚಗಾಯೆವ್ ಕ್ಯೂಬಾದ ಮಹಾಶಯ ಫೆಲಿಕ್ಸ್ ಸಾವೋನ್‌ನನ್ನೇ ಫೈನಲ್‌ನಲ್ಲಿ ಸೋಲಿಸಿದ. ಆಮೇಲೆ ನೋಡಿದರೆ ಈತ ಮೊದಲೇ ದುಡ್ಡಿನ ಪಂದ್ಯ ಆಡಿದ್ದ. ಪದಕ ಕಿತ್ತು ಸಾವೋನ್‌ಗೆ ಕೊಟ್ಟರು. ಸಾವೋನ್‌ನ ಆರನೇ ವಿಶ್ವ ಚಿನ್ನ ಹಾಗೆ ಬಂದಿದ್ದು. ಮೇರಿ 2018ರಲ್ಲಿ ಸರಿಗಟ್ಟಿದ್ದು ಇದೇ ಆರನ್ನ, ಆದರೆ ಮೇರಿಯ ಆರೂ ರಿಂಗಿನಲ್ಲೇ ಗೆದ್ದಿದ್ದು. ಆಮೇಲೆ 2016ರ ರಿಯೊ ಹೊತ್ತಿಗೆ ವೃತ್ತಿಪರರಿಗೇ ಒಲಿಂಪಿಕ್ ಬಾಗಿಲು ತೆಗೆದರು.

ಈಗ ಹಳೇ ಅಂತಾರಾಷ್ಟ್ರೀಯ ಸಂಸ್ಥೆಗೆ ಒಲಿಂಪಿಕ್ ಸಮಿತಿ ಮಾನ್ಯತೆಯೇ ಕಿತ್ತುಹಾಕಿದೆ, 2023ರಲ್ಲಿ. ಅದೇ ವರ್ಷ ಹುಟ್ಟಿದ ವರ್ಲ್ಡ್ ಬಾಕ್ಸಿಂಗ್ ನಡೆಸಿದ್ದು ಲಿವರ್‌ಪೂಲ್. ಗಂಡಸರು ಹೆಂಗಸರು ಒಂದೇ ಕಡೆ, ಇಬ್ಬರಿಗೂ ಹತ್ತತ್ತು ತೂಕ. 2028ರ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸಿಂಗ್ ಇರುತ್ತೆ ಅಂತ 2025ರ ಮಾರ್ಚ್‌ನಲ್ಲಿ ಖಚಿತ ಆಯ್ತು. ನಿಮ್ಮ ಮಗಳಿಗೆ ಆಗ 19 ದಾಟಿರುತ್ತೆ. ಎಲೀಟ್, ಅಂದ್ರೆ ದೊಡ್ಡವರ ವಿಭಾಗ ಶುರುವಾಗೋದೇ 19ಕ್ಕೆ. ಸುಮ್ಮನೆ ಲೆಕ್ಕ ಹಾಕಿದೆ.

ಕುಕ್ಕರಹಳ್ಳಿ ವಾಕರ್:
ಶಾಸ್ತ್ರಿಗಳೇ, ಈ ಕೊನೇ ಸಾಲು ಅವಳು ನನ್ನ ಭುಜದ ಹಿಂದೆ ನಿಂತು ಓದಿಬಿಟ್ಲು. ಇವತ್ತು ಓದೋಕೆ ಕೂತಂಗೇ.

ನೀಲಿ ಮೂಲೆ:
ಆಂಟಿ, ನಾನು ಸ್ವಲ್ಪ ಕಹಿ ಹೇಳ್ತೀನಿ, ಮಗಳಿಗೆ ಓದಿಸೋದು ಬಿಡೋದು ನಿಮಗೆ ಬಿಟ್ಟಿದ್ದು.

ನಾನು ಮೈಸೂರಲ್ಲೇ ಕಲಿತೋಳು. ನನ್ನ ಹತ್ರ ನಾಲ್ಕು ಚಿನ್ನದ ಪದಕ ಇದೆ, ಜಿಲ್ಲೆ, ವಲಯ ಅಂತ. ನಾಲ್ಕಕ್ಕೂ ಸೇರಿ ಆಡಿದ್ದು ಮೂರು ಬೌಟ್, ಅಂದ್ರೆ ಪಂದ್ಯ. ಉಳಿದಿದ್ದೆಲ್ಲ ಬೈ, ಇಲ್ಲ ವಾಕ್‌ಓವರ್, ಆಡದೇನೇ ಗೆದ್ದಿದ್ದು. ನನ್ನ ತೂಕದಲ್ಲಿ ಬೇರೆ ಹುಡುಗಿಯೇ ಇರ್ತಿರಲಿಲ್ಲ. ಪೋಡಿಯಂ ಮೇಲೆ ಒಬ್ಬಳೇ ನಿಂತು ಫೋಟೋ ತೆಗೆಸ್ಕೊಂಡಿದೀನಿ, ಅಮ್ಮ ಅದನ್ನ ಫ್ರೇಮ್ ಹಾಕಿಸಿದಾರೆ. ಬಂದ ನೆಂಟರೆಲ್ಲ ನೋಡಿ ಶಹಬ್ಬಾಸ್ ಅಂದಾಗ ನಾನು ಕಾಫಿ ತರ್ತೀನಿ ಅಂತ ಎದ್ದು ಹೋಗ್ತೀನಿ.

ಆಮೇಲೆ ಒಂದ್ಸಲ ದೊಡ್ಡ ಟೂರ್ನಿಗೆ ಹೋದೆ. ಎದುರು ಹರಿಯಾಣದ ಹುಡುಗಿ. ನನಗಿಂತ ಗಟ್ಟಿ ಅಂತೇನಿಲ್ಲ, ಎತ್ತರನೂ ಇಲ್ಲ. ಒಂದೂವರೆ ನಿಮಿಷದಲ್ಲಿ ರೆಫರಿ ನಿಲ್ಲಿಸಿದ್ರು. ಸಂಜೆ ಮೆಸ್‌ನಲ್ಲಿ ಅವಳೇ ಬಂದು ಪಕ್ಕ ಕೂತ್ಳು. ಎಷ್ಟು ಬೌಟ್ ಆಡಿದೀಯ ಅಂತ ಕೇಳಿದೆ. ಲೆಕ್ಕ ಇಟ್ಟಿಲ್ಲ, ಐವತ್ತಾದ್ರೂ ಆಗಿರಬೇಕು ಅಂದ್ಳು. ನನ್ನದು ನಾಲ್ಕನೇದು. ಅವಳ ಊರಲ್ಲಿ ಅವಳ ತೂಕಕ್ಕೇ ಆರು ಜನ ಹುಡುಗೀರು ಇದಾರಂತೆ, ವಾರಕ್ಕೆರಡು ಸ್ಪಾರಿಂಗ್. ನಾನು ಇಲ್ಲಿ ನನಗಿಂತ ಹನ್ನೆರಡು ಕೆ.ಜಿ. ಹೆಚ್ಚಿರೋ ಹುಡುಗನ ಜೊತೆ ಆಡ್ತಿದ್ದೆ. ಅವನು ಪಾಪ ಹೊಡೆಯೋಕೇ ಹೆದರೋನು. ಅವನು ಹೊಡೀದೇ ಇದ್ರೆ ನಾನು ತಪ್ಪಿಸಿಕೊಳ್ಳೋದು ಎಲ್ಲಿ ಕಲೀಲಿ?

ಧೈರ್ಯ, ಕೋಚ್, ಊಟ ಎಲ್ಲಾ ಇತ್ತು ನನಗೆ. ಎದುರಿಗೆ ನಿಲ್ಲೋಕೆ ಒಬ್ಬಳು ಇರಲಿಲ್ಲ.

ಗರಡಿ ಮೊಮ್ಮಗ:
ನೀಲಿ ಮೂಲೆ ಅವರೇ, ಇದನ್ನ ಓದಿ ನಮ್ಮ ತಾತ ನೆನಪಾದ್ರು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟೋದು ಅಂತ ಒಂದು ದಿನ ಮಾಡ್ತಾರೆ, ಈಗಲೂ ಇದೆ. ಪೈಲ್ವಾನರೆಲ್ಲ ಬಂದು ಸಾಲಾಗಿ ನಿಲ್ತಾರೆ. ಹಿರಿಯರು ತೂಕ, ವಯಸ್ಸು, ಎಷ್ಟು ಕುಸ್ತಿ ಹಿಡಿದಿದಾನೆ ಎಲ್ಲ ನೋಡಿ ಇವನಿಗೆ ಇವನು ಅಂತ ಕೈ ಸೇರಿಸ್ತಾರೆ. ಒಂದು ವರ್ಷ ತಾತನಿಗೆ ಸರಿಜೋಡಿ ಸಿಗಲಿಲ್ಲ. ಸುಮ್ನೆ ಒಬ್ಬ ಎಳೆಹುಡುಗನ ಜೊತೆ ಕಟ್ಟೋಕೆ ಬಂದ್ರಂತೆ, ತಾತ ಒಪ್ಪದೆ ಎದ್ದು ಬಂದ್ಬಿಟ್ರು. ಗೆಲ್ತಿದ್ರು, ಇನಾಮೂ ಬರ್ತಿತ್ತು. ಅಜ್ಜಿ ಆ ದುಡ್ಡಿನ ಬಗ್ಗೆ ಸಾಯೋವರೆಗೂ ಆಡಿಕೊಂಡ್ರು.

ಕುಸ್ತಿಗೆ ಹಾಕಿ ಅಂದಿದ್ದೆ ಅಕ್ಕ, ಆ ಮಾತು ವಾಪಸ್ ತಗೋತೀನಿ. ಜಾಸ್ಮಿನ್ ತಾತನೂ ಪೈಲ್ವಾನ್ ಅಂತ ಓದಿದೆ. ಹರಿಯಾಣದ ಭಿವಾನಿಯ ಹಳೇ ಬಾಕ್ಸರ್ ಹವಾ ಸಿಂಗ್ ಮನೆತನ, ಚಿಕ್ಕಪ್ಪಂದಿರೇ ಕೋಚ್. ಮನೆಯೊಳಗೇ ಜೋಡಿ ಇತ್ತು ಅವಳಿಗೆ.

ಅಂಕಿಅಂಶ ಶಾಸ್ತ್ರಿ:
ಇದು ಜಿಲ್ಲಾ ಮಟ್ಟದ ರೋಗ ಮಾತ್ರ ಅಲ್ಲ. ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಕೊಡೋ ಪದ್ಧತಿ ಇರೋದರಿಂದ, ಭಾರದ ತೂಕಗಳಲ್ಲಿ ಹೆಸರು ಕಡಿಮೆ ಬಂದಾಗ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಒಂದೇ ಪಂದ್ಯ ಗೆದ್ದು ಪದಕ ಖಚಿತ ಆಗೋದು ಉಂಟು. ಗೆದ್ದವರ ತಪ್ಪಲ್ಲ. ಆದರೆ 48, 51, 57 ಕೆ.ಜಿ. ಹಾಗಲ್ಲ, ಅಲ್ಲಿ ಸಾಲು ಉದ್ದ. ಜಾಸ್ಮಿನ್ ಫೈನಲ್‌ನಲ್ಲಿ ಸೋಲಿಸಿದ್ದು ಪ್ಯಾರಿಸ್ ಬೆಳ್ಳಿ ಗೆದ್ದ ಪೋಲೆಂಡ್‌ನ ಜೂಲಿಯಾ ಶೆರೆಮೆತಾಳನ್ನ, ಮೀನಾಕ್ಷಿ ಸೋಲಿಸಿದ್ದು ಪ್ಯಾರಿಸ್ ಕಂಚಿನ ಕಜಕಿಸ್ತಾನದ ನಾಜಿಮ್ ಕಿಜೈಬಾಯ್‌ಯನ್ನ. ನಿಮ್ಮ ಮಗಳು ಆ ಸಾಲಿನಲ್ಲೇ ಇದ್ದಾಳೆ ಅಂತ ಕಾಣುತ್ತೆ.

ಮದ್ದೂರು ವಡೆ:
ತಮಾಷೆ ಬುಟ್ಟು ಒಂದ್ ಮಾತು. ನಿಖತ್ ಅಂತ ಹೇಳಿದ್ರಲ್ಲ, ಅವ್ಳು 2019ರಲ್ಲಿ ಮೇರಿ ಕೋಮ್ ಜೊತೆ ನನಗೂ ಒಂದು ಟ್ರಯಲ್ ಕೊಡಿ ಅಂತ ಕ್ರೀಡಾ ಮಂತ್ರಿಗೇ ಕಾಗದ ಬರ್ದಿದ್ಳು. ಟ್ರಯಲ್ ಕೊಟ್ರು, 9-1 ಸೋತ್ಳು. ಜನ ನಕ್ರು. ಎರಡೂವರೆ ವರ್ಷಕ್ಕೆ ವಿಶ್ವ ಚಾಂಪಿಯನ್. ಜೋಡಿ ಕೊಡಿ ಅಂತ ಕಾಗದ ಬರೆಯೋ ಹುಡ್ಗಿ ಅಂದ್ರೆ ನಂಗೆ ಇಷ್ಟ.

ಕುಕ್ಕರಹಳ್ಳಿ ವಾಕರ್:
ಹನ್ನೊಂದು ದಿನ ಆದ್ಮೇಲೆ ಬರೀತಿದೀನಿ. ಸಹಿ ಹಾಕಿದೆ. ಯಜಮಾನ್ರು ಹಾಕಲಿಲ್ಲ, ಆದ್ರೆ ಸ್ಕೂಟರ್‌ನಲ್ಲಿ ಬಿಟ್ಟು ಬಂದ್ರು, ಹೊರಗಡೆ ನಿಂತಿದ್ರು.

ನೀಲಿ ಮೂಲೆ, ನೀವು ಹೇಳಿದ ಹಾಗೇ ಆಯ್ತು. ಬೆಳಗ್ಗೆ ತಕ್ಕಡಿ ಹತ್ತಿದ್ಳು, 49.3. ಆರು ಗಂಟೆಯಿಂದ ಏನೂ ತಿಂದಿರಲಿಲ್ಲ, ತೂಕ ತೆಗೆದ ಮೇಲೆ ಡಬ್ಬೀಲಿದ್ದ ಮೂರು ದೋಸೆ ನಿಂತ್ಕೊಂಡೇ ತಿಂದ್ಳು. ಹನ್ನೊಂದಕ್ಕೆ ಪಟ್ಟಿ ಹಾಕಿದ್ರು. ಅವಳ ತೂಕದಲ್ಲಿ ಒಂದೇ ಹೆಸರು, ಅವಳದ್ದೇ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ರೆಡಿಯಾಗಿ ಕೂತಿದ್ಳು, ಬಿಚ್ಚು ಅಂತ ಯಾರೂ ಹೇಳಲಿಲ್ಲ. ನಾಲ್ಕು ಗಂಟೆಗೆ ಹೆಸರು ಕೂಗಿ ಚಿನ್ನದ ಪದಕ ಹಾಕಿದ್ರು. ಅತ್ತೆ ಮನೇಲಿ ಆರತಿ ತಟ್ಟೆ ಹಿಡ್ಕೊಂಡು ಕಾಯ್ತಿದ್ರು. ಹೌದು, ಅದೇ ಅತ್ತೆ! ಇವಳು ಪದಕ ತೆಗೆದು ದೇವರ ಮನೆ ಮೊಳೆಗೆ ನೇತುಹಾಕಿ, ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಳು. "ಗೆದ್ದು ಬಂದು ಯಾಕೆ ಅಳ್ತಿದೆ ಮಗು" ಅಂತ ಅತ್ತೆ ಇನ್ನೂ ಕೇಳ್ತಿದಾರೆ. ಯಜಮಾನ್ರು ರಾತ್ರಿ ಮೆಲ್ಲಗೆ ಬಂದು, ಮಂಡ್ಯದ ಆ ಫೌಜಿ ಯಾರೋ ಬರೀತಿದ್ರಲ್ಲ, ಅವರನ್ನ ಕೇಳು ಅಂದ್ರು.

ಮಾಜಿ ಫೌಜಿ, ಪಾಂಡವಪುರ:
ಕೇಳೋದೇನ್ ಬಂತು ತಾಯಿ. ಮಂಡ್ಯ ಸ್ಟೇಡಿಯಂ ಕಡೆ ಭಾನುವಾರ ಬೆಳಗ್ಗೆ ನಾನು ನಾಲ್ಕಾರು ಮಕ್ಕಳ್ನ ಆಡಿಸ್ತೀನಿ. ಒಬ್ಳು ಅವ್ಳೆ, 51 ಕೆ.ಜಿ., ಆಲೆಮನೆ ಕೆಲ್ಸದೋರ ಮಗಳು, ಎಡಗೈ ಆಟಗಾರ್ತಿ. ಅವಳಿಗೂ ಜೋಡಿ ಇಲ್ದೆ ಹುಡುಗ್ರನ್ನ ಹೊಡ್ದು ಹೊಡ್ದು ಅವರೆಲ್ಲ ಬರೋದೇ ಬುಟ್ಬುಟ್ಟವ್ರೆ. ಹೊಟ್ಟೆಗೆ ಹೊಡೆಯೋದ ನಾನೇ ಕಲ್ಸಿವ್ನಿ, ಮೊದ್ಲೇ ಹೇಳ್ಬುಡ್ತೀನಿ.

ನೀಲಿ ಮೂಲೆ:
ಅಂಕಲ್, ನಾನೂ ಬರ್ಲಾ? ಮೂರು ವರ್ಷ ಆಯ್ತು ಗ್ಲೌಸ್ ಹಾಕಿ. 54 ಇದೀನಿ. ಸರಿ, 57.

ಡಾಕ್ಟ್ರಮ್ಮ:
ಮೂರೂ ಜನ 16 ಔನ್ಸ್ ದೊಡ್ಡ ಗ್ಲೌಸ್ ಹಾಕ್ಕೊಂಡು ಆಡಿ. ಭಾನುವಾರ ನನಗೆ ಡ್ಯೂಟಿ ಇಲ್ಲ, ಮದ್ದೂರು ವಡೆ ಕೊಡಿಸೋದಾದ್ರೆ ಬಂದು ಪಕ್ಕದಲ್ಲಿ ಕೂತಿರ್ತೀನಿ.

ಮದ್ದೂರು ವಡೆ:
ಕರದ್ರಾ?

ಕುಕ್ಕರಹಳ್ಳಿ ವಾಕರ್:
ಫೌಜಿ ಅಣ್ಣಾ, ಬರ್ತೀವಿ. ರೈಲಲ್ಲೇ ಬರ್ತೀವಿ, ಮುಕ್ಕಾಲು ಗಂಟೆ ತಾನೆ. ಯಜಮಾನ್ರೂ ಬರ್ತಾರಂತೆ, ಒಳಗೂ ಬರ್ತಾರಂತೆ ಈ ಸಲ. ಬೆಳಗ್ಗೆ ಅವಳಿಗೆ ತಿನ್ನೋಕೆ ಏನ್ ಕೊಡ್ಲಿ? ತರಬೇಕಾದ್ದು ಏನೇನು?

ಮಾಜಿ ಫೌಜಿ, ಪಾಂಡವಪುರ:
ಎರಡು ಇಡ್ಲಿ, ಆಡೋ ಎರಡು ಗಂಟೆ ಮುಂಚೆ. ಹೆಡ್‌ಗಾರ್ಡ್ ಇಲ್ಲೇ ಅದೆ. ಬ್ಯಾಂಡೇಜು, ನೀರಿನ ಬಾಟ್ಲು, ಒಂದು ಟವಲ್ಲು. ಮೌತ್‌ಗಾರ್ಡ್ ಮರೀಬ್ಯಾಡಿ, ಕೆಂಪುದು ಬ್ಯಾಡ. ಕೆಂಪು ಇದ್ರೆ ಬಾಯಲ್ಲಿ ರಕ್ತ ಬಂದ್ರೆ ಕಾಣಕಿಲ್ಲ, ಟೂರ್ನೀಲೂ ಬುಡಕಿಲ್ಲ. ಆ ಪದಕ ಮೊಳೇಲೇ ಇರ್ಲಿ.